ಒಂದು ದೇಶದ ಮತದಾರರ ಬಗ್ಗೆ ನ್ಯಾಯವಾಗಿ ಮಾತನಾಡುವುದು ಹೇಗೆ

ಯಾವುದೇ ದೇಶದ ಚುನಾವಣೆಯ ಫಲಿತಾಂಶ ಹೊರಬಿದ್ದ ಕೂಡಲೇ ಒಂದು ಬಗೆಯ ಮಾತು ಎಲ್ಲೆಡೆ ಕೇಳಿಬರುತ್ತದೆ. ಅಲ್ಲಿಯ ಜನ ಬದಲಾವಣೆ ಬಯಸಿದರು, ಅಲ್ಲಿಯ ಮತದಾರರು ದ್ವೇಷಕ್ಕೆ ಮರುಳಾದರು, ಅವರಿಗೆ ಕೊನೆಗೂ ಬುದ್ಧಿ ಬಂತು, ಅವರು ಎಂದಿಗೂ ಕಲಿಯುವವರಲ್ಲ. ಕೋಟ್ಯಂತರ ಮಂದಿ ತಮ್ಮ ತಮ್ಮ ಕಾರಣಗಳಿಗಾಗಿ, ಒಬ್ಬೊಬ್ಬರೇ ಮರೆಯಲ್ಲಿ ನಿಂತು, ಯಾರಿಗೂ ಕಾಣದಂತೆ ಹಾಕಿದ ಮತಗಳನ್ನು ಕೂಡಿಸಿ, ಆ ಮೊತ್ತವನ್ನು ಒಬ್ಬನೇ ಮನುಷ್ಯನ ಸ್ವಭಾವದಂತೆ ಓದುವ ಮಾತುಗಳಿವು. ಹೀಗೆ ಓದುವುದು ನ್ಯಾಯವೇ ಎಂಬ ಪ್ರಶ್ನೆಗೆ ಹೌದು ಅಥವಾ ಅಲ್ಲ ಎಂಬ ಒಂದೇ ಮಾತಿನ ಉತ್ತರವಿಲ್ಲ. ಸಾಮಾನ್ಯೀಕರಿಸದೆ ಚುನಾವಣೆಯ ಬಗ್ಗೆ ಏನನ್ನೂ ಹೇಳಲಾಗದು. 'ಎಲ್ಲರೂ ಬೇರೆ ಬೇರೆ' ಎಂದು ಹೇಳಿ ಸುಮ್ಮನಾಗುವುದು ವಿಚಾರದಿಂದ ತಪ್ಪಿಸಿಕೊಳ್ಳುವ ದಾರಿ ಮಾತ್ರ. ಆದರೆ ಮತದಾರರ ಬಗ್ಗೆ ಆಡುವ ಪ್ರತಿಯೊಂದು ಮಾತೂ ತನ್ನ ಲೆಕ್ಕವನ್ನು ತಾನೇ ಹೊತ್ತು ತರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಎಷ್ಟು ಮಂದಿ, ಯಾರ ಪೈಕಿ, ಯಾವಾಗ, ಯಾವ ಆಯ್ಕೆಗಳ ನಡುವೆ ಎಂಬ ನಾಲ್ಕು ವಿಷಯಗಳನ್ನು ಹೇಳಲಾಗದ ಮಾತನ್ನು ಆಡಬಾರದು. ಆ ಲೆಕ್ಕವನ್ನು ಹೇಗೆ ಇಡಬೇಕು ಎಂಬುದನ್ನು ಮುಂದೆ ವಿವರಿಸಿದ್ದೇನೆ.

ಮೊದಲು ಛೇದವನ್ನು ನಿಶ್ಚಯಿಸಿ

ಭಿನ್ನರಾಶಿಯಲ್ಲಿ ಗೆರೆಯ ಕೆಳಗಿರುವ ಸಂಖ್ಯೆಯನ್ನು ಛೇದ ಎನ್ನುತ್ತೇವೆ. ಮತದಾರರ ಬಗೆಗಿನ ಅರ್ಧದಷ್ಟು ತಪ್ಪು ಮಾತುಗಳು ಈ ಛೇದವನ್ನು ಮರೆತದ್ದರಿಂದಲೇ ಹುಟ್ಟುತ್ತವೆ. ದೇಶದ ಜನ ಬೇರೆ, ಮತದ ಹಕ್ಕುಳ್ಳವರು ಬೇರೆ, ಪಟ್ಟಿಯಲ್ಲಿ ಹೆಸರಿರುವವರು ಬೇರೆ, ಮತಗಟ್ಟೆಗೆ ಬಂದವರು ಬೇರೆ, ಗೆದ್ದ ಪಕ್ಷಕ್ಕೆ ಮತ ಹಾಕಿದವರು ಬೇರೆ. ಇವು ಒಂದರೊಳಗೊಂದು ಅಡಗಿದ, ಒಂದಕ್ಕಿಂತ ಒಂದು ಚಿಕ್ಕದಾದ ಗುಂಪುಗಳು. ಕೊನೆಯ ಗುಂಪು ಮಾಡಿದ್ದನ್ನು ಮೊದಲನೆಯ ಗುಂಪಿನ ತಲೆಗೆ ಕಟ್ಟುವುದು ನಾವು ದಿನವೂ ಓದುವ ತಪ್ಪು.

2016ರ ಜೂನ್ 23ರಂದು ಬ್ರಿಟನ್ ಯುರೋಪಿಯನ್ ಒಕ್ಕೂಟದಲ್ಲಿ ಉಳಿಯಬೇಕೇ ಬೇಡವೇ ಎಂಬ ಬಗ್ಗೆ ಜನಮತಗಣನೆ ನಡೆಸಿದಾಗ, ಚಲಾವಣೆಯಾದ ಮತಗಳಲ್ಲಿ ಶೇಕಡಾ 51.9ರಷ್ಟು ಹೊರಬರುವುದರ ಪರವಾಗಿಯೂ ಶೇಕಡಾ 48.1ರಷ್ಟು ಉಳಿಯುವುದರ ಪರವಾಗಿಯೂ ಬಿದ್ದವು. ಮತದಾನದ ಪ್ರಮಾಣ ಶೇಕಡಾ 72.2. ಪಟ್ಟಿಯಲ್ಲಿದ್ದ ಸುಮಾರು 4.65 ಕೋಟಿ ಮತದಾರರಲ್ಲಿ ಹೊರಬರೋಣ ಎಂದವರು ಸುಮಾರು 1.74 ಕೋಟಿ, ಅಂದರೆ ನೂರಕ್ಕೆ ಮೂವತ್ತೇಳು ಮಂದಿ. ಉಳಿಯೋಣ ಎಂದವರು ಸುಮಾರು 1.61 ಕೋಟಿ, ಹೆಚ್ಚುಕಡಿಮೆ 1.3 ಕೋಟಿ ಮಂದಿ ಮತವನ್ನೇ ಹಾಕಲಿಲ್ಲ. ಸ್ಕಾಟ್ಲೆಂಡಿನಲ್ಲಿ ಶೇಕಡಾ 62ರಷ್ಟು ಮತ ಉಳಿಯುವುದರ ಪರವಾಗಿತ್ತು. 'ಬ್ರಿಟನ್ ಹೊರಬರಲು ನಿರ್ಧರಿಸಿತು' ಎಂಬ ವಾಕ್ಯ ಸರಿಯಾಗಿದೆ, ಏಕೆಂದರೆ ಒಪ್ಪಿತ ನಿಯಮದ ಪ್ರಕಾರ ಒಂದು ರಾಷ್ಟ್ರ ತೆಗೆದುಕೊಂಡ ತೀರ್ಮಾನವನ್ನು ಅದು ಹೇಳುತ್ತದೆ. 'ಬ್ರಿಟಿಷರು ಯುರೋಪನ್ನು ತಿರಸ್ಕರಿಸಿದರು' ಎಂಬ ವಾಕ್ಯ ಮನಸ್ಸುಗಳ ಬಗ್ಗೆ ಮಾತನಾಡುತ್ತದೆ, ಮತ್ತು ಹಾಗೆ ಮಾತನಾಡುವಾಗ ಕೋಟ್ಯಂತರ ಮನಸ್ಸುಗಳನ್ನು ಅಳಿಸಿಹಾಕುತ್ತದೆ. ರಾಷ್ಟ್ರದ ತೀರ್ಮಾನವನ್ನು ರಾಷ್ಟ್ರದ ಹೆಸರಿನಲ್ಲಿ ಹೇಳಿ, ಜನರ ಅಭಿಪ್ರಾಯವನ್ನು ಸಂಖ್ಯೆಯೊಂದಿಗೆ ಹೇಳಿ. ಈ ಒಂದು ಅಭ್ಯಾಸವೇ ಬಹಳಷ್ಟು ಅನ್ಯಾಯವನ್ನು ತಡೆಯುತ್ತದೆ.

ಮತ ಹಾಕದವರ ಮೌನಕ್ಕೆ ನೀವಾಗಿ ಅರ್ಥ ಹಚ್ಚಬೇಡಿ. ಸೋತವರು ಅವರನ್ನು ತಮ್ಮ ಕಡೆಗೂ ಗೆದ್ದವರು ತಮ್ಮ ಕಡೆಗೂ ಸೇರಿಸಿಕೊಳ್ಳುತ್ತಾರೆ. ಕಾಯಿಲೆ, ಕೆಲಸ, ಪಟ್ಟಿಯಿಂದ ಬಿಟ್ಟುಹೋದ ಹೆಸರು, ನಿರಾಸಕ್ತಿ, ಬಹಿಷ್ಕಾರ, ಇವೆಲ್ಲವೂ ಅಂಕಿಯಲ್ಲಿ ಒಂದೇ ಬಗೆಯಾಗಿ ಕಾಣುತ್ತವೆ. ಮತದಾನದ ಪ್ರಮಾಣವನ್ನು ಹಿಡಿದು ಒಂದು ದೇಶದ ಜನ ಜವಾಬ್ದಾರಿಯುತರು, ಇನ್ನೊಂದರವರು ಸೋಮಾರಿಗಳು ಎಂದು ತೂಗುವುದೂ ಸಲ್ಲದು. ಆಸ್ಟ್ರೇಲಿಯಾದ ರಾಷ್ಟ್ರೀಯ ಚುನಾವಣೆಗಳಲ್ಲಿ ಹತ್ತರಲ್ಲಿ ಒಂಬತ್ತು ಮಂದಿಯಷ್ಟು ಮತ ಹಾಕುವುದಕ್ಕೆ 1924ರಿಂದಲೂ ಅಲ್ಲಿ ಕಾನೂನು ಮತದಾನವನ್ನು ಕಡ್ಡಾಯ ಮಾಡಿರುವುದು ಮುಖ್ಯ ಕಾರಣ. ಕಡ್ಡಾಯವಿಲ್ಲದ ದೇಶದ ಅಂಕಿಯ ಪಕ್ಕದಲ್ಲಿ ಅದನ್ನು ಇಟ್ಟರೆ ನಾವು ಹೋಲಿಸುತ್ತಿರುವುದು ಕಾನೂನುಗಳನ್ನೇ ಹೊರತು ಜನರ ಗುಣವನ್ನಲ್ಲ.

ಸ್ಥಾನಗಳ ಲೆಕ್ಕ ಬೇರೆ, ಮತಗಳ ಲೆಕ್ಕ ಬೇರೆ

ಎರಡನೆಯ ಕೆಲಸ, ಫಲಿತಾಂಶದಲ್ಲಿ ಎಷ್ಟು ಭಾಗ ಜನರ ಆಯ್ಕೆ, ಎಷ್ಟು ಭಾಗ ಎಣಿಕೆಯ ನಿಯಮ ಎಂದು ಬಿಡಿಸಿ ನೋಡುವುದು. ಇದಕ್ಕೆ ಸ್ವಲ್ಪ ತಾಳ್ಮೆ ಬೇಕು, ಆದರೆ ಇಲ್ಲಿ ಸಿಗುವಷ್ಟು ಬೆಳಕು ಬೇರೆಲ್ಲೂ ಸಿಗುವುದಿಲ್ಲ.

ಬ್ರಿಟನ್ನಿನ 2024ರ ಚುನಾವಣೆಯನ್ನೇ ತೆಗೆದುಕೊಳ್ಳಿ. 2019ರಲ್ಲಿ 202 ಸ್ಥಾನ ಪಡೆದಿದ್ದ ಲೇಬರ್ ಪಕ್ಷ ಈ ಬಾರಿ 650ರಲ್ಲಿ 411 ಸ್ಥಾನ ಗೆದ್ದಿತು. ಸ್ಥಾನಗಳನ್ನು ಮಾತ್ರ ನೋಡಿದವರಿಗೆ ಇಡೀ ದೇಶ ಒಂದು ಪಕ್ಷದ ಕಡೆಗೆ ಹೊರಳಿದಂತೆ ಕಾಣುತ್ತದೆ. ಆದರೆ ಲೇಬರ್ ಪಕ್ಷದ ಮತ ಪ್ರಮಾಣ ಶೇಕಡಾ 32.1ರಿಂದ 33.7ಕ್ಕೆ ಏರಿತ್ತು, ಅಷ್ಟೆ. ಮತದಾನ ಇಳಿದಿದ್ದರಿಂದ ಅದಕ್ಕೆ ಬಿದ್ದ ಒಟ್ಟು ಮತಗಳು ಐದು ವರ್ಷಗಳ ಹಿಂದೆ ಸೋತಾಗ ಬಿದ್ದದ್ದಕ್ಕಿಂತಲೂ ಕಡಿಮೆಯಾಗಿದ್ದವು. ನಿಜವಾಗಿ ನಡೆದದ್ದೆಂದರೆ, ಆಗ ಆಳುತ್ತಿದ್ದ ಕನ್ಸರ್ವೇಟಿವ್ ಪಕ್ಷದ ಮತ ಶೇಕಡಾ 43.6ರಿಂದ 23.7ಕ್ಕೆ ಕುಸಿದು ಹಲವು ಕಡೆ ಚದುರಿತು, ಬಲಪಂಥೀಯ ರಿಫಾರ್ಮ್ ಯುಕೆ ಪಕ್ಷ ಶೇಕಡಾ 14ರಷ್ಟು ಮತ ಪಡೆದು ಅದರ ನೆಲೆಯನ್ನು ಒಡೆಯಿತು, ಪ್ರತಿ ಕ್ಷೇತ್ರದಲ್ಲೂ ಅತಿ ಹೆಚ್ಚು ಮತ ಪಡೆದವರೇ ಗೆಲ್ಲುವ ನಿಯಮ ಉಳಿದದ್ದನ್ನು ಮಾಡಿತು. ಹಾಗಾಗಿ 'ಆಳುವ ಪಕ್ಷವನ್ನು ಅದರ ಹೆಚ್ಚುಕಡಿಮೆ ಅರ್ಧದಷ್ಟು ಬೆಂಬಲಿಗರು ಕೈಬಿಟ್ಟರು' ಎಂದು ಹೇಳಬಹುದು. 'ಜನ ಲೇಬರ್ ಪಕ್ಷವನ್ನು ಅಪ್ಪಿಕೊಂಡರು' ಎಂದು ಹೇಳಲು ಈ ಅಂಕಿಗಳಲ್ಲಿ ಆಧಾರವಿಲ್ಲ. ಇದೇ ನಿಯಮವಿರುವ ಭಾರತದಲ್ಲಿ 2014ರಲ್ಲಿ ಬಿಜೆಪಿ ಶೇಕಡಾ 31ರಷ್ಟು ಮತದಿಂದ 543ರಲ್ಲಿ 282 ಸ್ಥಾನಗಳನ್ನು ಗೆದ್ದಿತು. ಆ ಗೆಲುವು ಸಂಪೂರ್ಣವಾಗಿ ನ್ಯಾಯಸಮ್ಮತವಾದದ್ದು. ಆದರೆ 'ಭಾರತೀಯರು ಹೀಗೆ ಯೋಚಿಸಿದರು' ಎಂದು ಹೇಳಹೊರಟವರು ಉಳಿದ ಶೇಕಡಾ 69ರಷ್ಟು ಮತಗಳಿಗೂ ಉತ್ತರ ಹೇಳಬೇಕಾಗುತ್ತದೆ.

ಅಂಚಿನ ಗೆಲುವುಗಳಲ್ಲಿ ಈ ಎಚ್ಚರ ಇನ್ನೂ ಅಗತ್ಯ. 2016ರ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಹಿಲರಿ ಕ್ಲಿಂಟನ್ ಅವರಿಗೆ ಡೊನಾಲ್ಡ್ ಟ್ರಂಪ್ ಅವರಿಗಿಂತ 28 ಲಕ್ಷಕ್ಕೂ ಹೆಚ್ಚು ಮತಗಳು ಬಿದ್ದಿದ್ದವು. ಟ್ರಂಪ್ ಗೆದ್ದದ್ದು ಅಧ್ಯಕ್ಷರನ್ನು ಆರಿಸುವ ರಾಜ್ಯವಾರು ಪ್ರತಿನಿಧಿಗಳ ಲೆಕ್ಕದಲ್ಲಿ, ಮತ್ತು ಆ ಗೆಲುವನ್ನು ನಿರ್ಧರಿಸಿದ ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾ ರಾಜ್ಯಗಳ ಒಟ್ಟು ಅಂತರ 80 ಸಾವಿರ ಮತಗಳಿಗಿಂತ ಕಡಿಮೆ. ಚಲಾವಣೆಯಾದದ್ದು 13.6 ಕೋಟಿಗೂ ಹೆಚ್ಚು ಮತ. ಆ 80 ಸಾವಿರದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಆಯಾ ರಾಜ್ಯಗಳಲ್ಲಿ ಮನಸ್ಸು ಬದಲಿಸಿದ್ದರೆ ಅದೇ ಜನರ ಬಗ್ಗೆ ಜಗತ್ತು ತದ್ವಿರುದ್ಧವಾದ ಮಾತುಗಳನ್ನು ಬರೆಯುತ್ತಿತ್ತು. ನೀವು ಬರೆದ ವಾಕ್ಯವನ್ನು ಹೀಗೆ ಪರೀಕ್ಷಿಸಿ: ಗೆದ್ದವರು ಕೂದಲೆಳೆಯಷ್ಟರಲ್ಲಿ ಸೋತಿದ್ದರೂ ಆ ದೇಶದ ಜನರ ಬಗ್ಗೆ ಇದೇ ಮಾತನ್ನು ಹೇಳುತ್ತಿದ್ದಿರಾ? ಇಲ್ಲವೆಂದಾದರೆ ಆ ಮಾತು ಜನರ ಬಗ್ಗೆ ಅಲ್ಲ, ಅಂಚಿನ ಬಗ್ಗೆ.

ಬಣ್ಣ ಹಚ್ಚಿದ ನಕ್ಷೆಗಳು ಈ ತಪ್ಪನ್ನು ಇನ್ನಷ್ಟು ಬಲಪಡಿಸುತ್ತವೆ. ಕ್ಯಾಲಿಫೋರ್ನಿಯಾ ಎಂದರೆ ಡೆಮಾಕ್ರಟಿಕ್ ಪಕ್ಷ, ಟೆಕ್ಸಾಸ್ ಎಂದರೆ ರಿಪಬ್ಲಿಕನ್ ಪಕ್ಷ ಎಂದು ಎಲ್ಲರಿಗೂ ಗೊತ್ತು. ಆದರೆ 2020ರಲ್ಲಿ ಟ್ರಂಪ್ ಅವರಿಗೆ ಟೆಕ್ಸಾಸಿಗಿಂತ ಕ್ಯಾಲಿಫೋರ್ನಿಯಾದಲ್ಲೇ ಹೆಚ್ಚು ಮತಗಳು ಬಿದ್ದವು. ಎರಡೂ ಕಡೆ ಹೆಚ್ಚುಕಡಿಮೆ 60 ಲಕ್ಷ. ಹಾಗೆಯೇ, 1977ರಲ್ಲಿ 'ಭಾರತದ ಮತದಾರರು ತುರ್ತುಪರಿಸ್ಥಿತಿಯನ್ನು ತಿರಸ್ಕರಿಸಿದರು' ಎಂಬುದು ಪಠ್ಯಪುಸ್ತಕದ ಮಾತಿನಷ್ಟು ರೂಢಿಯಾಗಿದೆ. ಉತ್ತರ ಪ್ರದೇಶದಲ್ಲಿ ಮತ್ತು ಬಿಹಾರದಲ್ಲಿ ಕಾಂಗ್ರೆಸ್ಸಿಗೆ ಒಂದೇ ಒಂದು ಸ್ಥಾನ ಬರಲಿಲ್ಲ ಎಂಬುದು ನಿಜ. ಅದೇ ಚುನಾವಣೆಯಲ್ಲಿ ಆಂಧ್ರ ಪ್ರದೇಶದ 42 ಸ್ಥಾನಗಳಲ್ಲಿ 41 ಕಾಂಗ್ರೆಸ್ಸಿಗೇ ಬಂದವು ಎಂಬುದೂ ಅಷ್ಟೇ ನಿಜ. 1980ರಲ್ಲಿ ಇಂದಿರಾ ಗಾಂಧಿ ಮರಳಿ ಅಧಿಕಾರಕ್ಕೆ ಬಂದಾಗ, ಮೂರು ವರ್ಷಗಳ ಹಿಂದೆ ಜನರ ವಿವೇಕವನ್ನು ಕೊಂಡಾಡಿದವರು ಜನರ ಮರೆವನ್ನು ದೂರಿದರು. ಒಂದು ದೇಶದ ಬಗ್ಗೆ ಹೇಳಿದ ಮಾತು ಅದರ ದೊಡ್ಡ ಪ್ರದೇಶಗಳಿಗಾದರೂ ಹೊಂದುತ್ತದೆಯೇ ಎಂದು ನೋಡದೆ ಬರೆಯಬಾರದು.

ಮತದಿಂದ ಮನಸ್ಸನ್ನು ಓದುವಾಗ

ಯಾರಿಗೆ ಮತ ಹಾಕಿದರು ಎಂಬುದನ್ನು ಎಣಿಸಬಹುದು. ಏಕೆ ಹಾಕಿದರು ಎಂಬುದು ಮತಪತ್ರದ ಮೇಲೆ ಇರುವುದಿಲ್ಲ. ಈ ವ್ಯತ್ಯಾಸವನ್ನು ತೋರಿಸಲು ಫ್ರಾನ್ಸಿನ 2002ರ ಅಧ್ಯಕ್ಷ ಚುನಾವಣೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಮೊದಲ ಸುತ್ತಿನಲ್ಲಿ ಬಲಪಂಥದ ಜಾಕ್ ಶಿರಾಕ್ ಅವರಿಗೆ ಶೇಕಡಾ 20ಕ್ಕೂ ತುಸು ಕಡಿಮೆ, ತೀವ್ರ ಬಲಪಂಥದ ಜಾನ್ ಮರಿ ಲ ಪೆನ್ ಅವರಿಗೆ ಶೇಕಡಾ 16.9, ಸಮಾಜವಾದಿ ಲಿಯೊನೆಲ್ ಜೊಸ್ಪಾನ್ ಅವರಿಗೆ ಶೇಕಡಾ 16.2ರಷ್ಟು ಮತ ಬಂದವು. ಎರಡು ವಾರಗಳ ನಂತರ ಮೊದಲ ಇಬ್ಬರ ನಡುವೆ ನಡೆದ ಎರಡನೆಯ ಸುತ್ತಿನಲ್ಲಿ ಶಿರಾಕ್ ಶೇಕಡಾ 82ರಷ್ಟು ಮತ ಪಡೆದು ಗೆದ್ದರು. ಹದಿನೈದು ದಿನಗಳಲ್ಲಿ ಫ್ರಾನ್ಸಿನ ಜನರಿಗೆ ಶಿರಾಕ್ ಮೇಲೆ ನಾಲ್ಕು ಪಟ್ಟು ಪ್ರೀತಿ ಉಕ್ಕಲಿಲ್ಲ. ಲ ಪೆನ್ ಬರಬಾರದು ಎಂಬ ಒಂದೇ ಕಾರಣಕ್ಕೆ, ಇಷ್ಟವಿಲ್ಲದಿದ್ದರೂ, ಎಡಪಂಥದ ಲಕ್ಷಾಂತರ ಮಂದಿ ಅವರಿಗೆ ಮತ ಹಾಕಿದರು. ಮುಂದೆ ಯಾರಾದರೂ ಭಾರೀ ಬಹುಮತವನ್ನು ತೋರಿಸಿ ಜನ ಒಬ್ಬ ನಾಯಕನನ್ನು ಆರಾಧಿಸುತ್ತಾರೆ ಎಂದಾಗ, ಎದುರಿಗೆ ಯಾರಿದ್ದರು ಎಂದು ಮೊದಲು ಕೇಳಿ. ಮತದಾರರು ತಮ್ಮ ಆದರ್ಶವನ್ನು ಆರಿಸುವುದಿಲ್ಲ; ಮುಂದಿಟ್ಟ ಪಟ್ಟಿಯೊಳಗಿನಿಂದ ಆರಿಸುತ್ತಾರೆ.

ಕಾರಣಗಳನ್ನು ಊಹಿಸುವಾಗ ಆಗುವ ಇನ್ನೊಂದು ತಪ್ಪು, ಕ್ಷೇತ್ರದ ಗುಣವನ್ನು ವ್ಯಕ್ತಿಯ ಗುಣವೆಂದು ತಿಳಿಯುವುದು. ಬಡವರು ಹೆಚ್ಚಿರುವ ಪ್ರದೇಶದಲ್ಲಿ ಒಂದು ಪಕ್ಷ ಗೆದ್ದರೆ ಬಡವರೇ ಅದನ್ನು ಗೆಲ್ಲಿಸಿದರು ಎನ್ನುತ್ತೇವೆ. ಇದು ಏಕೆ ಸರಿಯಲ್ಲ ಎಂಬುದನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ವಿಲಿಯಂ ರಾಬಿನ್ಸನ್ 1950ರಲ್ಲಿ 1930ರ ಜನಗಣತಿಯ ಅಂಕಿಗಳಿಂದ ತೋರಿಸಿದರು. ವಿದೇಶದಲ್ಲಿ ಹುಟ್ಟಿದವರ ಪಾಲು ಹೆಚ್ಚಿದ್ದ ರಾಜ್ಯಗಳಲ್ಲಿ ಅನಕ್ಷರತೆ ಕಡಿಮೆ ಇತ್ತು. ವಲಸಿಗರೇ ಹೆಚ್ಚು ಅಕ್ಷರಸ್ಥರಿರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ವ್ಯಕ್ತಿಗಳನ್ನು ಎಣಿಸಿದಾಗ ವಲಸಿಗರಲ್ಲೇ ಅನಕ್ಷರತೆ ಹೆಚ್ಚಿತ್ತು; ಸ್ಥಳೀಯರು ಚೆನ್ನಾಗಿ ಓದಿದ್ದ ರಾಜ್ಯಗಳಿಗೇ ವಲಸಿಗರು ಹೆಚ್ಚಾಗಿ ಹೋಗಿ ನೆಲೆಸಿದ್ದರು. ಪ್ರದೇಶದ ಸರಾಸರಿ ಹೇಳಿದ್ದಕ್ಕೆ ಪೂರಾ ಉಲ್ಟಾ ಆದದ್ದನ್ನು ಮನುಷ್ಯರ ಎಣಿಕೆ ಹೇಳಿತು. ಚುನಾವಣಾ ನಕ್ಷೆಯನ್ನು ಓದುವ ಪ್ರತಿಯೊಬ್ಬರೂ ಇದನ್ನು ಎದುರಿಗೆ ಇಟ್ಟುಕೊಳ್ಳಬೇಕು.

ವಾಕ್ಯವನ್ನು ತಿರುಗಿಸಿ ಓದುವ ತಪ್ಪೂ ಇದರ ಸಮೀಪದ್ದೇ. ಒಂದು ಕಾಲ್ಪನಿಕ ಲೆಕ್ಕ ನೋಡಿ. ಸಾವಿರ ಮತದಾರರಲ್ಲಿ 400 ಮಂದಿ ಯುವಕರು. ಒಂದು ಸಣ್ಣ ಪಕ್ಷಕ್ಕೆ 50 ಮತ ಬಿದ್ದು, ಅದರಲ್ಲಿ 40 ಯುವಕರದ್ದು. ಆ ಪಕ್ಷದ ಬೆಂಬಲಿಗರಲ್ಲಿ ಶೇಕಡಾ 80ರಷ್ಟು ಯುವಕರು ಎಂಬುದು ನಿಜ. ಯುವಕರಲ್ಲಿ ಆ ಪಕ್ಷವನ್ನು ಬೆಂಬಲಿಸುವವರು ಶೇಕಡಾ 10 ಮಾತ್ರ ಎಂಬುದೂ ನಿಜ. ಮೊದಲ ವಾಕ್ಯವನ್ನು ಕೇಳಿ ಯುವಜನಾಂಗವೇ ಹಾಳಾಯಿತು ಎಂದು ಮರುಗುವವರು ಎರಡನೆಯದನ್ನು ಲೆಕ್ಕ ಹಾಕಿರುವುದಿಲ್ಲ. ಧರ್ಮ, ಭಾಷೆ, ಜನಾಂಗದ ಹೆಸರು ಬಂದಾಗ ಈ ತಪ್ಪು ಬರೀ ತಪ್ಪಾಗಿ ಉಳಿಯದೆ ಜನರ ಬದುಕನ್ನೇ ತಟ್ಟುತ್ತದೆ, ಆದ್ದರಿಂದ ಅಲ್ಲಿ ಎರಡು ಬಾರಿ ಲೆಕ್ಕ ಮಾಡಿ.

ಸಮೀಕ್ಷೆಗಳು ಕಾರಣಗಳ ಬಗ್ಗೆ ಒಂದಷ್ಟು ಹೇಳಬಲ್ಲವು, ಅವನ್ನು ಸರಿಯಾಗಿ ನಡೆಸಿದ್ದರೆ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಹಿಸುಕಿದರೆ ಸಾಕು ಎನ್ನುತ್ತಾರೆ. ಒಂದೇ ಪಾತ್ರೆಯಲ್ಲಿ, ಒಂದೇ ನೀರಿನಲ್ಲಿ ಕುದಿದ ಅಗುಳುಗಳಿಗೆ ಮಾತ್ರ ಆ ಮಾತು ಸಲ್ಲುತ್ತದೆ. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು ಒಂದು ಕೋಟಿ ಮಂದಿಗೆ ಮಾದರಿ ಮತಪತ್ರ ಕಳಿಸಿ, ಮರಳಿ ಬಂದ 20 ಲಕ್ಷಕ್ಕೂ ಹೆಚ್ಚು ಉತ್ತರಗಳ ಬಲದ ಮೇಲೆ ಅಧ್ಯಕ್ಷ ಚುನಾವಣೆಯಲ್ಲಿ ಆಲ್ಫ್ ಲ್ಯಾಂಡನ್ ಗೆಲ್ಲುತ್ತಾರೆ ಎಂದು ಸಾರಿತು. ಆದರೆ ಅವರ ಎದುರಾಳಿ ಫ್ರಾಂಕ್ಲಿನ್ ರೂಸ್‌ವೆಲ್ಟ್ 48ರಲ್ಲಿ 46 ರಾಜ್ಯಗಳನ್ನು ಗೆದ್ದರು. ಟೆಲಿಫೋನ್ ಮತ್ತು ಕಾರು ಇದ್ದವರ ಪಟ್ಟಿಗಳಿಂದ ಹೆಸರುಗಳನ್ನು ಆಯ್ದದ್ದು ಮತ್ತು ಉತ್ತರಿಸುವ ಉತ್ಸಾಹ ಇದ್ದವರು ಮಾತ್ರ ಉತ್ತರಿಸಿದ್ದು ಅದಕ್ಕೆ ಕಾರಣ. ಸಂಖ್ಯೆ ದೊಡ್ಡದಿದ್ದರೆ ಸಾಲದು, ಯಾರನ್ನು ಹೇಗೆ ಆಯ್ದರು ಎಂಬುದು ಮುಖ್ಯ. ಸರಿಯಾಗಿ ಆಯ್ದ ಸಾವಿರ ಮಂದಿಯ ಸಮೀಕ್ಷೆಯಲ್ಲಿಯೂ ಶೇಕಡಾವಾರು ಲೆಕ್ಕದಲ್ಲಿ ಮೂರು ಅಂಶಗಳಷ್ಟು ಹೆಚ್ಚುಕಡಿಮೆ ಸಹಜ. ಅದರೊಳಗಿನ ನೂರು ಮಂದಿಯ ಒಂದು ಗುಂಪಿನ ಬಗ್ಗೆ ಹೇಳುವಾಗ ಅದು ಹತ್ತು ಅಂಶಗಳಷ್ಟು ಆಗುತ್ತದೆ.

ಚುನಾವಣೆ ಮುಕ್ತವಾಗಿ ನಡೆಯದಿದ್ದ ಕಡೆ ಈ ಯಾವ ಲೆಕ್ಕವೂ ಬೇಡ. 2002ರಲ್ಲಿ ಇರಾಕ್ ಸರ್ಕಾರ ತನ್ನ ಮತದಾರರಲ್ಲಿ ನೂರಕ್ಕೆ ನೂರು ಮಂದಿ ಸದ್ದಾಂ ಹುಸೇನ್ ಪರ ಮತ ಹಾಕಿದರು ಎಂದು ಘೋಷಿಸಿತು. ಆ ಅಂಕಿ ಇರಾಕಿನ ಜನರ ಬಗ್ಗೆ ಏನನ್ನೂ ಹೇಳುವುದಿಲ್ಲ.

ಹೊಣೆಯನ್ನು ಹಂಚುವಾಗ

ಜನರಿಗೆ ತಕ್ಕ ಸರ್ಕಾರವೇ ಸಿಗುತ್ತದೆ ಎಂಬ ಮಾತು ನ್ಯಾಯವಾಗಿ ಕೇಳಿಸುತ್ತದೆ, ಹಾಗಾಗಿಯೇ ಅದು ಅಪಾಯಕಾರಿ. ಬಹಳ ವರ್ಷಗಳ ಹಿಂದೆ ಒಂದು ದೇಶದ ಚುನಾವಣೆಯ ಬಗ್ಗೆ ಮಾತಾಡುತ್ತಾ, ಅವರಿಗೆ ಬೇಕಾದ್ದೇ ಸಿಕ್ಕಿತು ಎಂದು ನಾನು ಹೇಳಿದ್ದೆ. ಆ ದೇಶದವರೊಬ್ಬರು ಅಲ್ಲೇ ಕುಳಿತಿದ್ದರು. ಗೆದ್ದ ಪಕ್ಷದ ವಿರುದ್ಧ ತಿಂಗಳುಗಟ್ಟಲೆ ಮನೆಮನೆಗೆ ತಿರುಗಿ ಪ್ರಚಾರ ಮಾಡಿದ್ದವರು. ಅವರು ನನಗೆ ಏನನ್ನೂ ಹೇಳಲಿಲ್ಲ. ಅವರ ಮುಖ ನನಗೆ ಇಂದಿಗೂ ನೆನಪಿದೆ.

ಈ ವಿಷಯದಲ್ಲಿ ಅತಿ ಕಠಿಣವಾದ ಉದಾಹರಣೆ ಜರ್ಮನಿಯದು. 'ಜರ್ಮನ್ನರು ಹಿಟ್ಲರನನ್ನು ಆರಿಸಿದರು' ಎಂಬ ಮಾತನ್ನು ಬಿಡಿಸಿ ನೋಡಿ. 1932ರ ಜುಲೈನಲ್ಲಿ ನಾಜಿ ಪಕ್ಷಕ್ಕೆ ಶೇಕಡಾ 37ರಷ್ಟು ಮತ ಬಂದಿತ್ತು. ನವೆಂಬರಿನಲ್ಲಿ ಅದು ಶೇಕಡಾ 33ಕ್ಕೆ ಇಳಿಯಿತು. 1933ರ ಜನವರಿ 30ರಂದು ಹಿಟ್ಲರನನ್ನು ಚಾನ್ಸಲರ್ ಮಾಡಿದವರು ಅಧ್ಯಕ್ಷ ಹಿಂಡೆನ್‌ಬರ್ಗ್, ಅವನನ್ನು ತಮ್ಮ ಹಿಡಿತದಲ್ಲಿ ಇಟ್ಟುಕೊಳ್ಳಬಹುದು ಎಂದು ನಂಬಿದ್ದ ಸಂಪ್ರದಾಯವಾದಿ ರಾಜಕಾರಣಿಗಳ ಸಲಹೆಯಂತೆ. ವಿರೋಧಿಗಳನ್ನು ಬಂಧಿಸಿ, ಬೆದರಿಸಿ ನಡೆಸಿದ 1933ರ ಮಾರ್ಚ್ ಚುನಾವಣೆಯಲ್ಲೂ ಆ ಪಕ್ಷಕ್ಕೆ ಬಂದದ್ದು ಶೇಕಡಾ 43.9. ಕ್ಯಾಥೊಲಿಕರು ಹೆಚ್ಚಿದ್ದ ಪ್ರದೇಶಗಳಲ್ಲಿ ಅದಕ್ಕೆ ಬೆಂಬಲ ಬಹಳ ಕಡಿಮೆ ಇತ್ತು. ಈ ಲೆಕ್ಕದ ಉದ್ದೇಶ ಯಾರನ್ನೂ ಪಾರು ಮಾಡುವುದಲ್ಲ. 1932ರ ಜುಲೈನಲ್ಲಿ ಆ ಪಕ್ಷಕ್ಕೆ ಮತ ಹಾಕಿದ 1.37 ಕೋಟಿ ಮಂದಿ ತಮ್ಮ ಮತಕ್ಕೆ ಉತ್ತರದಾಯಿಗಳು; ಆ ನೇಮಕ ಮಾಡಿದವರು ನೇಮಕಕ್ಕೆ ಉತ್ತರದಾಯಿಗಳು. ಎಲ್ಲ ಜರ್ಮನ್ನರೂ ಅಪರಾಧಿಗಳು ಎಂದಾಗ ಈ ಎರಡು ಹೊಣೆಗಳೂ ಮಸುಕಾಗುತ್ತವೆ, ಜೊತೆಗೆ ವಿರೋಧಿಸಿ ಮತ ಹಾಕಿ ಸೆರೆಮನೆ ಸೇರಿದವರೂ ಅದೇ ಪಟ್ಟಿಗೆ ಸೇರುತ್ತಾರೆ. 1775ರಲ್ಲಿ ಅಮೆರಿಕದ ವಸಾಹತುಗಳ ಜೊತೆ ರಾಜಿಯಾಗಬೇಕೆಂದು ಬ್ರಿಟನ್ನಿನ ಸಂಸತ್ತಿನಲ್ಲಿ ವಾದಿಸಿದ ಎಡ್ಮಂಡ್ ಬರ್ಕ್, ಇಡೀ ಒಂದು ಜನತೆಯ ಮೇಲೆ ದೋಷಾರೋಪಣೆ ಸಿದ್ಧಪಡಿಸುವ ವಿಧಾನ ತನಗೆ ತಿಳಿಯದು ಎಂದಿದ್ದರು. ಹೊಣೆಯನ್ನು ಹೇಳುವುದಾದರೆ ಹೆಸರು, ಹುದ್ದೆ, ಮಾಡಿದ ಕೆಲಸ ಇವುಗಳೊಂದಿಗೆ ಹೇಳಿ.

ವಾಕ್ಯವನ್ನು ಬರೆಯುವಾಗ

ಇಷ್ಟಾದ ಮೇಲೆ ಬರೆಯಲು ಕೂತಾಗ, 'ಆ ದೇಶದವರು' ಎಂಬ ಕರ್ತೃಪದವನ್ನು ತೆಗೆದು ನಿಜವಾಗಿ ಆ ಕ್ರಿಯೆ ಮಾಡಿದವರನ್ನು ಅಲ್ಲಿ ಕೂರಿಸಿ. 'ಬಯಸುತ್ತಾರೆ', 'ದ್ವೇಷಿಸುತ್ತಾರೆ' ಎಂಬ ಸ್ವಭಾವ ಹೇಳುವ ಕ್ರಿಯಾಪದಗಳ ಜಾಗದಲ್ಲಿ 'ಮತ ಹಾಕಿದರು', 'ಸಮೀಕ್ಷೆಯಲ್ಲಿ ಹೀಗೆ ಹೇಳಿದರು' ಎಂಬ ನಡೆದುಹೋದ ಕೆಲಸವನ್ನು ಹೇಳುವ ಪದಗಳನ್ನು ಬಳಸಿ. ಒಂದು ದಿನ ಮಾಡಿದ್ದು ಎಂದೆಂದಿನ ಗುಣವಲ್ಲ. 'ಅಲ್ಲಿಯ ಜನ ವಲಸಿಗರನ್ನು ದ್ವೇಷಿಸುತ್ತಾರೆ' ಎಂಬುದು 'ಈ ಚುನಾವಣೆಯಲ್ಲಿ ಮತ ಹಾಕಿದವರಲ್ಲಿ ಇಷ್ಟು ಪಾಲು, ವಲಸೆಯನ್ನು ಕಡಿಮೆ ಮಾಡುತ್ತೇವೆಂದ ಪಕ್ಷಕ್ಕೆ ಮತ ಕೊಟ್ಟರು' ಎಂದಾಗುತ್ತದೆ. ವಾಕ್ಯ ಉದ್ದವಾಗುತ್ತದೆ, ಹರಿತ ಕಡಿಮೆಯಾಗುತ್ತದೆ. ಆ ಹರಿತ ಮೊದಲೂ ನಮ್ಮದಾಗಿರಲಿಲ್ಲ. ಬರೆದ ಮೇಲೆ, ಗೆದ್ದ ಪಕ್ಷಕ್ಕೆ ಮತ ಹಾಕಿದ ಒಬ್ಬರೂ ಹಾಕದ ಒಬ್ಬರೂ ಅದನ್ನು ಓದುತ್ತಿದ್ದಾರೆ ಎಂದು ಭಾವಿಸಿ. ಇಬ್ಬರಿಗೂ ಅದು ಇಷ್ಟವಾಗಬೇಕಿಲ್ಲ, ಆದರೆ ಇಬ್ಬರೂ 'ನಡೆದದ್ದು ಹೌದು' ಎನ್ನುವಂತಿರಬೇಕು.

ಹೀಗೆ ಬರೆದಾಗ ಮಾತು ದುರ್ಬಲವಾಗುತ್ತದೆ ಎಂದು ಹೆದರಬೇಕಾಗಿಲ್ಲ. ಚಿಲಿಯ ಬಗ್ಗೆ ಒಂದು ವಾಕ್ಯವನ್ನು ಈ ನಿಯಮಗಳಂತೆಯೇ ಬರೆದು ನೋಡೋಣ: 1973ರಿಂದ ಸೇನಾಡಳಿತದಲ್ಲಿದ್ದ ಚಿಲಿಯಲ್ಲಿ, ಆಗಸ್ಟೊ ಪಿನೊಶೆ ಇನ್ನೂ ಎಂಟು ವರ್ಷ ಅಧ್ಯಕ್ಷರಾಗಿ ಇರಬೇಕೇ ಎಂದು 1988ರ ಅಕ್ಟೋಬರ್ 5ರಂದು ಕೇಳಿದಾಗ, ಪಟ್ಟಿಯಲ್ಲಿದ್ದವರಲ್ಲಿ ಶೇಕಡಾ 97ರಷ್ಟು ಮಂದಿ ಮತಗಟ್ಟೆಗೆ ಬಂದರು, ಮತ್ತು ಅಧಿಕಾರ ಇನ್ನೂ ಅವರದೇ ಕೈಯಲ್ಲಿದ್ದಾಗ, ಹೌದು ಎಂದ ಶೇಕಡಾ 44ರಷ್ಟು ಮತಗಳ ಎದುರು ಶೇಕಡಾ 56ರಷ್ಟು ಮತಗಳು ಬೇಡ ಎಂದವು.